ತಮಟೆ ಕಾಯಿಸುವುದೇಕೆ?

ಹಿರಿಯೂರಿನ ತೇರುಮಲ್ಲೇಶ್ವರನ ರಥ ಎಳೆಯುವ ದಿನವಿರಲಿ, ಹೊಳಲ್ಕೆರೆ ಸೀಮೆಯ ಯಾವುದೋ ಹಳ್ಳಿಯ ಮಾರಿಹಬ್ಬವಿರಲಿ, ಮೆರವಣಿಗೆ ಹೊರಡುವ ಮುನ್ನ ಒಂದು ಕೆಲಸ ತಪ್ಪದೆ ನಡೆಯುತ್ತದೆ. ತಮಟೆಯವರು ಬೀದಿ ಬದಿಯಲ್ಲಿ ಒಂದಿಷ್ಟು ಹುಲ್ಲನ್ನೋ ಒಣಗಿದ ತೆಂಗಿನ ಗರಿಯನ್ನೋ ಗುಡ್ಡೆ ಹಾಕಿ ಬೆಂಕಿ ಹಚ್ಚುತ್ತಾರೆ. ವಾದ್ಯವನ್ನು ಉರಿಯ ಮುಂದೆ ಹಿಡಿದು ನಿಧಾನಕ್ಕೆ ತಿರುಗಿಸುತ್ತಾರೆ, ಬೆರಳಲ್ಲಿ ತಟ್ಟಿ ಕಿವಿಗೊಡುತ್ತಾರೆ, ಮತ್ತೆ ಉರಿಗೆ ಹಿಡಿಯುತ್ತಾರೆ. ಮೊದಲು ದಬ ದಬ ಎನ್ನುತ್ತಿದ್ದ ಚರ್ಮ ಟಣ್ಣೆಂದು ಉತ್ತರ ಕೊಟ್ಟ ಮೇಲೆಯೇ ಕೋಲು ಕೈಗೆ ಬರುತ್ತದೆ.

ಹೆಸರಾಂತ ಡ್ರಮ್ಮರ್‌ಗಳ ಅಭಿಮಾನಿಗಳು ಮೊದಲು ವಿಚಾರಿಸುವುದು ಅವರ ಸೆಟ್ಟಿನ ವಿವರವನ್ನು: ಡ್ರಮ್ಮುಗಳೆಷ್ಟು, ಅಗಲವೆಷ್ಟು, ಯಾವ ಹಾಳೆ ಬಿಗಿದಿದ್ದಾರೆ, ಯಾವುದು ಯಾವ ಕೈಗೆ ಸಿಗುವಂತಿದೆ. ಹೀಗೆ ಕೇಳುವುದಕ್ಕೆ ಭೌತವಿಜ್ಞಾನದ ಬೆಂಬಲವಿದೆ. ಚರ್ಮವಾದ್ಯದ ದನಿ ಹೇಗಿರಬೇಕೆಂಬುದು ಬಹುಪಾಲು ನಿರ್ಧಾರವಾಗುವುದು ಮೊದಲ ಪೆಟ್ಟು ಬೀಳುವ ಮುಂಚೆಯೇ. ಲಂಡನ್ನಿನ ಸ್ಟುಡಿಯೊಗೆ ಸಲ್ಲುವ ಈ ಮಾತು ಚಿತ್ರದುರ್ಗದ ಬೀದಿಗೂ ಸಲ್ಲುತ್ತದೆ. ತಮಟೆಯಿಂದಲೇ ಶುರು ಮಾಡೋಣ.

ತೇವ ಇಳಿದರೆ ಶ್ರುತಿ ಏರುತ್ತದೆ

ತಮಟೆ ನೋಡಲು ಬಲು ಸರಳ. ಮರದ ಅಥವಾ ಕಬ್ಬಿಣದ ಬಳೆ, ಅದರ ಒಂದು ಮಗ್ಗುಲಿಗೆ ಎಳೆದು ಬಿಗಿದ ಚರ್ಮ. ಚರ್ಮದ ಗಟ್ಟಿತನಕ್ಕೆ ಕಾರಣ ಕೊಲಾಜೆನ್ ಎಂಬ ಪ್ರೋಟೀನು. ಅದರ ಮೂರು ಎಳೆಗಳು ಹುರಿಹಗ್ಗದಂತೆ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಈ ಎಳೆಗಳಿಗೆ ನೀರೆಂದರೆ ಪ್ರೀತಿ. ಗಾಳಿಯಲ್ಲಿ ತೇವ ಹೆಚ್ಚಿದರೆ ನೀರಿನ ಅಣುಗಳು ಎಳೆಗಳ ನಡುವೆ ಸೇರಿಕೊಳ್ಳುತ್ತವೆ, ಚರ್ಮ ಹಿಗ್ಗುತ್ತದೆ, ಬಿಗಿ ಸಡಿಲುತ್ತದೆ. ಬೆಂಕಿಯ ಶಾಖಕ್ಕೆ ಆ ನೀರು ಹಾರಿಹೋಗಿ ಚರ್ಮ ಕುಗ್ಗುತ್ತದೆ. ಬಳೆ ಕುಗ್ಗುವುದಿಲ್ಲವಾದ್ದರಿಂದ ಚರ್ಮ ತನ್ನನ್ನು ತಾನೇ ಬಿಗಿದುಕೊಳ್ಳುತ್ತದೆ.

ಬಿಗಿಗೂ ಶ್ರುತಿಗೂ ಇರುವ ಲೆಕ್ಕ ಸೋಜಿಗದ್ದು. ಶ್ರುತಿ ಎರಡರಷ್ಟಾಗಬೇಕಾದರೆ ಬಿಗಿ ಎರಡರಷ್ಟಾದರೆ ಸಾಲದು, ನಾಲ್ಕರಷ್ಟಾಗಬೇಕು. ಚರ್ಮ ಅಷ್ಟು ಎಳೆತ ತಡೆಯಬೇಕಲ್ಲ? ಬೆಂಕಿಗೂ ಒಂದು ಮಿತಿಯಿದೆ. ಒದ್ದೆ ಚರ್ಮದ ಬಿಸಿ ಸುಮಾರು 65 ಡಿಗ್ರಿ ಸೆಲ್ಸಿಯಸ್‌ ಮುಟ್ಟಿತೆಂದರೆ ಕೊಲಾಜೆನ್ನಿನ ಹೆಣಿಗೆ ಬಿಚ್ಚಿಕೊಂಡು ಎಳೆಗಳು ಸುರುಟಿಕೊಳ್ಳುತ್ತವೆ. ಮತ್ತೆ ಅದು ಮೊದಲಿನಂತಾಗುವುದಿಲ್ಲ. ಒಣಗಿದ ಚರ್ಮ ಇನ್ನೂ ಹೆಚ್ಚು ತಾಳಿಕೊಂಡೀತು, ಆದರೂ ಒಂದೇ ಕಡೆ ಹಿಡಿದರೆ ಕಮರುವುದು ಖಂಡಿತ. ಹಾಗಾಗಿಯೇ ತಮಟೆಯನ್ನು ತಿರುಗಿಸುತ್ತ ಕಾಯಿಸುವುದು.

ಜಿಲ್ಲೆಯ ಒಳಗೇ ಈ ಕೆಲಸ ಬೇರೆಬೇರೆಯಾಗುತ್ತದೆ. ಹಿರಿಯೂರು, ಚಳ್ಳಕೆರೆಯ ಕಡೆಯ ಬಯಲು ರಾಜ್ಯದ ಅತಿ ಒಣ ಸೀಮೆಗಳಲ್ಲಿ ಒಂದು. ಬೇಸಿಗೆಯ ಮಧ್ಯಾಹ್ನ ಅಲ್ಲಿ ಬಿಸಿಲೇ ಅರ್ಧ ಕೆಲಸ ಮುಗಿಸಿರುತ್ತದೆ. ಮಲೆನಾಡಿನ ಸೆರಗಿಗೆ ಹತ್ತಿರವಾದ ಹೊಳಲ್ಕೆರೆಯಲ್ಲಿ ಶ್ರಾವಣದ ಸಂಜೆ ಬಾರಿಸುವಾಗ, ಅರ್ಧ ದಾರಿಯಲ್ಲೇ ತಮಟೆ ಮೆತ್ತಗಾಗಿ ಇನ್ನೊಮ್ಮೆ ಬೆಂಕಿ ಹುಡುಕಬೇಕಾಗುತ್ತದೆ.

ಎಲ್ಲಿ ಹೊಡೆದರೆ ಯಾವ ಸದ್ದು

ತಂಬೂರಿಯ ತಂತಿ ಮೀಟಿದರೆ ಒಂದೇ ಸ್ವರ ಕೇಳಿದಂತೆ ಅನಿಸಿದರೂ ಅದರೊಳಗೆ ಹಲವು ಕಂಪನಗಳಿರುತ್ತವೆ. ಮೂಲ ಕಂಪನವನ್ನು 1 ಎಂದಿಟ್ಟುಕೊಂಡರೆ ಮಿಕ್ಕವು 2, 3, 4 ಹೀಗೆ ಪೂರ್ಣಸಂಖ್ಯೆಗಳ ಸಾಲಿನಲ್ಲಿ ಬರುತ್ತವೆ. ಅವು ಒಂದರೊಳಗೊಂದು ಹೊಂದಿಕೊಳ್ಳುವುದರಿಂದ ಕಿವಿಗೆ ಇಂಪು. ದುಂಡನೆಯ ಚರ್ಮದ ಕಥೆ ಹಾಗಲ್ಲ. ಅದರ ಕಂಪನಗಳು 1, 1.59, 2.14, 2.30, 2.65 ಎಂದು ಅಡ್ಡಾದಿಡ್ಡಿ ಏರುತ್ತವೆ. ಇವುಗಳಲ್ಲಿ ಹೊಂದಾಣಿಕೆಯಿಲ್ಲ. ಹಾಗಾಗಿ ತಮಟೆ ಯಾವ ಸ್ವರಕ್ಕೆ ಸೇರಿತು ಎಂದು ಕೇಳಿದರೆ ಗಾಯಕರೂ ತಡವರಿಸುತ್ತಾರೆ.

ನಟ್ಟನಡುವೆ ಹೊಡೆದಾಗ ಚರ್ಮವೆಲ್ಲ ಒಟ್ಟಿಗೆ ಒಳಕ್ಕೂ ಹೊರಕ್ಕೂ ಆಡುತ್ತದೆ. ಹೀಗೆ ಆಡುವ ಚರ್ಮ ತನ್ನ ಶಕ್ತಿಯನ್ನು ಗಾಳಿಗೆ ಬೇಗ ಬಿಟ್ಟುಕೊಡುತ್ತದೆ. ಸದ್ದು ಗಟ್ಟಿಯಾಗಿ ಹೊಮ್ಮಿ ಥಟ್ಟನೆ ಅಡಗುತ್ತದೆ. ಅಂಚಿನ ಹತ್ತಿರ ಹೊಡೆದರೆ ಒಂದು ಭಾಗ ಮೇಲೆದ್ದಾಗ ಇನ್ನೊಂದು ಕೆಳಗಿಳಿಯುವ ಬಗೆಯ ಕಂಪನಗಳು ಏಳುತ್ತವೆ. ಎರಡೂ ಭಾಗಗಳ ಸದ್ದು ಒಂದನ್ನೊಂದು ಸ್ವಲ್ಪ ಅಳಿಸುವುದರಿಂದ ಶಕ್ತಿ ನಿಧಾನಕ್ಕೆ ಖಾಲಿಯಾಗುತ್ತದೆ, ಗುಂಯ್‌ಗುಡುವಿಕೆ ಉಳಿಯುತ್ತದೆ.

ತಮಟೆಯವರ ಎರಡು ಕೋಲುಗಳಿಗೂ ಇಲ್ಲಿ ಅರ್ಥವಿದೆ. ಒಂದು ಕೈಯಲ್ಲಿ ಗಿಡ್ಡನೆಯ ದಪ್ಪ ಕೋಲು, ಇನ್ನೊಂದರಲ್ಲಿ ಉದ್ದನೆಯ ತೆಳು ಕಡ್ಡಿ. ದಪ್ಪ ಕೋಲು ಚರ್ಮದ ಮೇಲೆ ತುಸು ಹೆಚ್ಚು ಹೊತ್ತು ನಿಂತು ಕೆಳಗಿನ ಕಂಪನಗಳನ್ನು ಎಬ್ಬಿಸುತ್ತದೆ. ತೆಳು ಕಡ್ಡಿ ತಾಗಿದ ಕೂಡಲೇ ಪುಟಿಯುವುದರಿಂದ ಮೇಲಿನ ಕಂಪನಗಳೇ ಮುಂದಾಗಿ ಚಟಪಟ ಸದ್ದು ಬರುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರು ಬೀದಿಯ ಈ ವಾದ್ಯವನ್ನು ವೇದಿಕೆಗೆ ತಂದು 2023ರಲ್ಲಿ ಪದ್ಮಶ್ರೀ ಪಡೆದರು. ಚರ್ಮ ಹದ ಮಾಡುವುದರಿಂದ ಹಿಡಿದು ಬಾರಿಸುವವರೆಗೆ ದಲಿತ ಕುಟುಂಬಗಳು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ವಿದ್ಯೆಗೆ ಸಿಕ್ಕ ಮನ್ನಣೆ ಅದು.

ಮರಳು ಉದುರಿಸಿ ನೋಡಿದ ರಾಮನ್

ಹೊಂದದ ಕಂಪನಗಳನ್ನು ಹೊಂದಿಸಿದ ಜಾಣ್ಮೆ ಮೃದಂಗ ಮತ್ತು ತಬಲಾ ಮಾಡುವವರದ್ದು. ಮೃದಂಗದ ಬಲ ಮುಖದ ನಡುವೆ ಕಪ್ಪು ಕರಣೆ ಇರುತ್ತದೆ. ಅನ್ನದ ಗಂಜಿ ಮತ್ತು ಕಬ್ಬಿಣದ ಅಂಶವಿರುವ ಕಲ್ಲಿನ ಪುಡಿ ಕಲಸಿ, ಪದರದ ಮೇಲೆ ಪದರ ಹಚ್ಚಿ, ಪ್ರತಿ ಪದರವನ್ನೂ ಕಲ್ಲಿನಿಂದ ಉಜ್ಜಿ ಕೂರಿಸುತ್ತಾರೆ. ಉಜ್ಜುವಾಗ ಕರಣೆಯಲ್ಲಿ ನವಿರಾದ ಬಿರುಕುಗಳು ಮೂಡುತ್ತವೆ. ಆ ಬಿರುಕು ಬೇಕೇ ಬೇಕು, ಇಲ್ಲವಾದರೆ ಕರಣೆ ಬಿಲ್ಲೆಯಂತೆ ಸೆಟೆದುಕೊಂಡು ಚರ್ಮವನ್ನು ಬಾಗಲು ಬಿಡುವುದಿಲ್ಲ.

ಸಿ.ವಿ. ರಾಮನ್ ಅವರು ಶಿವಕಾಲಿ ಕುಮಾರ್ ಜೊತೆ 1920ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಈ ಕುರಿತು ಬರೆದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಇನ್ನೂ ವಿವರವಾದ ಪ್ರಬಂಧ ಪ್ರಕಟಿಸಿದರು. ಅವರ ವಿಧಾನ ಸರಳ. ಚರ್ಮದ ಮೇಲೆ ನಯವಾದ ಮರಳು ಉದುರಿಸಿ, ಬೆರಳಿಂದ ಒಂದೊಂದು ಕಡೆ ಮುಟ್ಟಿ ಹಿಡಿದು ಬಾರಿಸುವುದು. ಅಲುಗುವ ಜಾಗದಿಂದ ಮರಳು ಹಾರಿ, ಅಲುಗದ ಗೆರೆಗಳ ಮೇಲೆ ಕೂರುತ್ತದೆ. ಕಂಪನದ ನಕ್ಷೆಯೇ ಕಣ್ಣಿಗೆ ಬೀಳುತ್ತದೆ. ಚರ್ಮದ ಒಂಬತ್ತು ಬಗೆಯ ಕಂಪನಗಳು ಕರಣೆಯ ಭಾರದಿಂದಾಗಿ 1, 2, 3, 4, 5 ಎಂಬ ಐದೇ ಸ್ವರಸ್ಥಾನಗಳಲ್ಲಿ ಗುಂಪುಗೂಡುತ್ತವೆ ಎಂದು ಅವರು ತೋರಿಸಿದರು. ಚರ್ಮಕ್ಕೆ ತಂತಿಯ ಗುಣ ಬಂದದ್ದು ಹೀಗೆ. ಎಡ ಮುಖಕ್ಕೆ ಕಛೇರಿಗೆ ಮುಂಚೆ ರವೆಯ ಕಣಕ ಮೆತ್ತುವುದೂ ಭಾರದ ಲೆಕ್ಕವೇ. ಭಾರ ಹೆಚ್ಚಿದರೆ ಶ್ರುತಿ ಇಳಿಯುತ್ತದೆ.

ಹಂಚಿಕೊಂಡ ಸೆಟ್ಟು, ಒಬ್ಬನದೇ ಸೆಟ್ಟು

ದುರ್ಗ ಸೀಮೆಯ ಮೆರವಣಿಗೆಯಲ್ಲಿ ಒಂದೇ ವಾದ್ಯಕ್ಕೆ ಎಲ್ಲ ಕೆಲಸ ಹೊರಿಸುವುದಿಲ್ಲ. ಚುರುಕು ಪೆಟ್ಟಿಗೆ ತಮಟೆ. ನೆಲ ನಡುಗಿಸುವ ಸದ್ದಿಗೆ ಡೊಳ್ಳು. ಡೊಳ್ಳಿನ ಎರಡು ಚರ್ಮಗಳ ನಡುವೆ ಗಾಳಿ ಸಿಕ್ಕಿಕೊಂಡಿದೆ. ಒಂದು ಮುಖಕ್ಕೆ ಬಿದ್ದ ಪೆಟ್ಟನ್ನು ಆ ಗಾಳಿ ಇನ್ನೊಂದಕ್ಕೆ ದಾಟಿಸುತ್ತದೆ, ಎರಡೂ ಚರ್ಮ ಸೇರಿ ಕಂಪಿಸುತ್ತವೆ. ಅಗಲ ಹೆಚ್ಚಾದಷ್ಟೂ ಶ್ರುತಿ ಕೆಳಗೆ. ಗಾಳಿ ಮೇಲಿನ ಕಂಪನಗಳನ್ನು ಹೆಚ್ಚು ಹೀರಿಕೊಳ್ಳುವುದರಿಂದ, ಊರಾಚೆ ಇರುವವರ ಕಿವಿಗೆ ಮೊದಲು ತಲುಪುವುದು ಡೊಳ್ಳಿನ ಗುಡುಗು.

ಮೂರನೆಯದು ಉರುಮೆ. ಮ್ಯಾಸನಾಯಕ ಸಮುದಾಯದ ದೇವರ ಕೆಲಸಗಳಲ್ಲಿ ಇದಕ್ಕೆ ವಿಶೇಷ ಜಾಗವಿದೆ. ನಡು ಸಣ್ಣಗಿರುವ ಈ ವಾದ್ಯದ ಒಂದು ಮುಖಕ್ಕೆ ಕೋಲಿನಿಂದ ಹೊಡೆದರೆ, ಇನ್ನೊಂದನ್ನು ಬಾಗಿದ ಕೋಲಿನಿಂದ ಉಜ್ಜುತ್ತಾರೆ. ಕೋಲು ಚರ್ಮವನ್ನು ಕಚ್ಚಿ ಎಳೆಯುತ್ತದೆ, ಎಳೆತ ಮಿತಿ ಮೀರಿದಾಗ ಜಾರುತ್ತದೆ, ಮತ್ತೆ ಕಚ್ಚುತ್ತದೆ. ಕ್ಷಣವೊಂದರಲ್ಲಿ ಹತ್ತಾರು ಸಲ ನಡೆಯುವ ಈ ಕಚ್ಚಾಟ-ಜಾರಾಟವೇ ಆ ಮುಲುಗುವ ದನಿ. ಪಿಟೀಲಿನ ಕಮಾನು ತಂತಿಯ ಮೇಲೆ ಮಾಡುವುದೂ ಇದನ್ನೇ. ಕೋಲನ್ನು ಒತ್ತಿದಷ್ಟೂ ಚರ್ಮ ಬಿಗಿಯಾಗಿ ದನಿ ಮೇಲಕ್ಕೆ ಜಾರುತ್ತದೆ. ಹೊಡೆದು ಬಿಡುವ ವಾದ್ಯಗಳ ನಡುವೆ ದನಿಯನ್ನು ಎಳೆಯಬಲ್ಲದ್ದು ಇದೊಂದೇ.

ಪಶ್ಚಿಮದ ಬ್ಯಾಂಡುಗಳಲ್ಲೂ ಹಿಂದೆ ದೊಡ್ಡ ಡ್ರಮ್ಮಿಗೊಬ್ಬ, ಸಣ್ಣದಕ್ಕೊಬ್ಬ, ತಾಳಕ್ಕೊಬ್ಬ ಇರುತ್ತಿದ್ದರು. 1909ರಲ್ಲಿ ಅಮೆರಿಕದ ಲುಡ್ವಿಗ್ ಸೋದರರು ಕಾಲಲ್ಲಿ ತುಳಿಯುವ ಒಳ್ಳೆಯ ಪೆಡಲ್ ಮಾರುಕಟ್ಟೆಗೆ ತಂದ ಮೇಲೆ ದೊಡ್ಡ ಡ್ರಮ್ಮು ಪಾದದ ಪಾಲಾಯಿತು, ಕೈಗಳೆರಡೂ ಬಿಡುವಾದವು. ಮುಂದೆ ತಾಳದ ಜೋಡಿಗೂ ಇನ್ನೊಂದು ಪೆಡಲ್ ಬಂತು. ಮೂವರ ಕೆಲಸ ಒಬ್ಬನೇ ಕೂತು ಮಾಡುವ ಡ್ರಮ್ ಸೆಟ್ ಹುಟ್ಟಿದ್ದು ಹೀಗೆ. ಅಲ್ಲಿಂದ ಮುಂದೆ ಯಾವುದನ್ನು ಎಲ್ಲಿಡಬೇಕು ಎಂಬುದೇ ಬಾರಿಸುವವನ ಗುರುತಾಯಿತು.

ಬೀಟಲ್ಸ್ ತಂಡದ ರಿಂಗೊ ಸ್ಟಾರ್ ಎಡಚ. ಕೂತದ್ದು ಮಾತ್ರ ಬಲಗೈಯವರಿಗೆ ಜೋಡಿಸಿದ ಸೆಟ್ಟಿನ ಮುಂದೆ. ಒಂದು ಡ್ರಮ್ಮಿನಿಂದ ಇನ್ನೊಂದಕ್ಕೆ ಹೊರಳುವಾಗ ಅವರ ಎಡಗೈ ಮೊದಲು ಹೊರಡುತ್ತಿತ್ತು. ಬೇರೆಯವರು ನಕಲು ಮಾಡಲು ಒದ್ದಾಡುವ ಆ ತಡವರಿಕೆಯ ಸೊಗಸು ಅಲ್ಲಿಂದ ಬಂದದ್ದು. ಮುಂದೆ ಅವರು ಡ್ರಮ್ಮಿನ ಮೇಲೆ ಅಡುಗೆಮನೆಯ ಟವೆಲ್ ಹೊದಿಸಿ, ಗುಂಯ್‌ಗುಡುವಿಕೆ ಅಡಗಿಸಿ ರೆಕಾರ್ಡ್ ಮಾಡಿದ್ದೂ ಉಂಟು. ಲೆಡ್ ಜೆಪ್ಪೆಲಿನ್ ತಂಡದ ಜಾನ್ ಬೊನಮ್ ಆರಿಸಿಕೊಂಡದ್ದು 26 ಅಂಗುಲದ ದೊಡ್ಡ ಡ್ರಮ್ಮು. ಸಾಮಾನ್ಯವಾದ 22 ಅಂಗುಲಕ್ಕೆ ಹೋಲಿಸಿದರೆ, ಬಿಗಿ ಒಂದೇ ಆಗಿದ್ದಲ್ಲಿ ಶ್ರುತಿ ಸುಮಾರು ಶೇಕಡ 15ರಷ್ಟು ಕೆಳಗೆ. 1971ರಲ್ಲಿ ಹೊರಬಂದ ಅವರ ಪ್ರಸಿದ್ಧ ರೆಕಾರ್ಡಿಂಗ್ ಒಂದಕ್ಕೆ ಹಳೆಯ ಬಂಗಲೆಯ ಮೆಟ್ಟಿಲ ಬುಡದಲ್ಲಿ ಡ್ರಮ್ ಇಟ್ಟು, ಮೈಕುಗಳನ್ನು ಮೇಲಿನಿಂದ ಇಳಿಬಿಟ್ಟರು. ಗೋಡೆಗಳ ಪ್ರತಿಧ್ವನಿಯೂ ಸೆಟ್ಟಿನ ಭಾಗವಾಯಿತು.

ಬೆಳಗಾವಿಯಲ್ಲಿ ಹುಟ್ಟಿದ ಠುಮ್ರಿ ಗಾಯಕಿ ಶೋಭಾ ಗುರ್ಟು ಅವರ ಮಗ ತ್ರಿಲೋಕ್ ಗುರ್ಟು ಕುರ್ಚಿಯನ್ನೇ ಬಿಟ್ಟರು. ನೆಲಕ್ಕೆ ಮಂಡಿಯೂರಿ, ತಬಲಾ ಮತ್ತು ಡ್ರಮ್ಮುಗಳನ್ನು ಸುತ್ತ ಇಟ್ಟುಕೊಂಡು, ಪಕ್ಕಕ್ಕೊಂದು ಬಕೆಟ್ ನೀರಿಟ್ಟುಕೊಂಡರು. ಹೊಡೆದ ಲೋಹದ ತಾಳವನ್ನು ನೀರಿಗಿಳಿಸಿದರೆ ಅದು ನೀರನ್ನೂ ತನ್ನೊಂದಿಗೆ ಅಲುಗಿಸಬೇಕು. ಭಾರ ಹೆಚ್ಚಿ ದನಿ ಕೆಳಕ್ಕೆ ಜಾರುತ್ತದೆ. ರವೆಯ ಕಣಕ ಮಾಡುವ ಕೆಲಸವನ್ನೇ ಇಲ್ಲಿ ನೀರು ಮಾಡುತ್ತದೆ. ಬೆಂಗಳೂರಿನ ಘಟವಾದಕಿ ಸುಕನ್ಯಾ ರಾಮ್‌ಗೋಪಾಲ್ ಅವರಿಗೆ ಎದುರಾದ ತೊಡಕೇ ಬೇರೆ. ಸುಟ್ಟ ಘಟದ ಶ್ರುತಿಯನ್ನು ಚರ್ಮದಂತೆ ಬಿಗಿದು ಏರಿಸಲಾಗದು. ಬೇರೆ ಬೇರೆ ಶ್ರುತಿಯ ಆರೇಳು ಘಟಗಳನ್ನು ಸುತ್ತಲೂ ಜೋಡಿಸಿ, 'ಘಟ ತರಂಗ'ದಲ್ಲಿ ರಾಗವನ್ನೇ ನುಡಿಸಿದರು.

ಪ್ಲಾಸ್ಟಿಕ್ಕಿಗೆ ಬೆಂಕಿ ಬೇಡ

ಮಳೆಯ ಕಾಟ ಪಶ್ಚಿಮದ ಡ್ರಮ್ಮರ್‌ಗಳಿಗೂ ಇತ್ತು. 1956-57ರ ವೇಳೆಗೆ ಅಮೆರಿಕದಲ್ಲಿ ಪಾಲಿಯೆಸ್ಟರ್ ಹಾಳೆಯ ಡ್ರಮ್ಮುಗಳು ಬಂದು ಕರುವಿನ ಚರ್ಮವನ್ನು ಬಹುಪಾಲು ಮೂಲೆಗೆ ತಳ್ಳಿದವು. ಈಗ ನಮ್ಮ ಹಳ್ಳಿಗಳಲ್ಲೂ ಫೈಬರ್ ತಮಟೆ ಬಂದಿದೆ. ಇದಕ್ಕೆ ತೇವ ತಟ್ಟುವುದಿಲ್ಲ, ಬೆಂಕಿಯೂ ಬೇಕಿಲ್ಲ. ಆದರೆ ದನಿ ಒಂದೇ ಅಲ್ಲ. ಚರ್ಮದ ನಾರುಗಳು ಮೇಲಿನ ಕಂಪನಗಳನ್ನು ಒಳಗೇ ಉಜ್ಜಿ ನುಂಗುತ್ತವೆ, ಹಾಗಾಗಿ ತುಂಬು ದನಿ. ಪ್ಲಾಸ್ಟಿಕ್ ಹಾಳೆ ಅಷ್ಟು ನುಂಗದು, ಅದರ ಸದ್ದು ಮೊನಚು.

ಜಾತ್ರೆಯ ರಾತ್ರಿಯ ಆರ್ಕೆಸ್ಟ್ರಾದಲ್ಲಂತೂ ಚರ್ಮವೇ ಇಲ್ಲ, ರಿದಂ ಪ್ಯಾಡ್ ಇದೆ. ಜಪಾನಿನ ರೋಲೆಂಡ್ ಕಂಪನಿ 1985ರಲ್ಲಿ ತಂದ ಆಕ್ಟಾಪ್ಯಾಡ್ ಇದರ ಹಿರಿಯಣ್ಣ. ಒತ್ತಿದರೆ ವಿದ್ಯುತ್ ಕೊಡುವ ಹರಳುಗಳ ಗುಣವನ್ನು ಕ್ಯೂರಿ ಸೋದರರು 1880ರಲ್ಲೇ ಕಂಡಿದ್ದರು. ರಬ್ಬರಿನ ಕೆಳಗಿರುವ ಅಂಥದೇ ಬಿಲ್ಲೆ ಪೆಟ್ಟಿನ ಜೋರನ್ನು ಅಳೆಯುತ್ತದೆ, ಮೊದಲೇ ದಾಖಲಾದ ಸದ್ದನ್ನು ಯಂತ್ರ ಅದಕ್ಕೆ ತಕ್ಕಂತೆ ಹೊರಡಿಸುತ್ತದೆ. ಇಲ್ಲಿ ಸೆಟ್ ಜೋಡಿಸುವುದೆಂದರೆ ಗುಂಡಿ ಒತ್ತಿ ಸದ್ದು ಆರಿಸುವುದು.

ಮೃದಂಗ, ತಬಲಾ ಕುರಿತು ಬಂದಷ್ಟು ವೈಜ್ಞಾನಿಕ ಪ್ರಬಂಧಗಳು ತಮಟೆ, ಉರುಮೆ ಕುರಿತು ಬಂದಿಲ್ಲ. ದೊಡ್ಡ ಪ್ರಯೋಗಾಲಯಕ್ಕೆ ಕಾಯಬೇಕಾಗಿಯೂ ಇಲ್ಲ. ಸದ್ದಿನ ಕಂಪನಗಳನ್ನು ಬಿಡಿಸಿ ತೋರಿಸುವ ಉಚಿತ ಆ್ಯಪ್‌ಗಳು ಮೊಬೈಲಿನಲ್ಲೇ ಸಿಗುತ್ತವೆ. ತಮಟೆ ಕಾಯಿಸುವ ಮುಂಚೆ ಒಮ್ಮೆ, ಕಾಯಿಸುತ್ತ ನಡುನಡುವೆ ಕೆಲವು ಸಲ ಒಂದೇ ಜಾಗದಲ್ಲಿ ತಟ್ಟಿ, ಎಲ್ಲಕ್ಕಿಂತ ಕೆಳಗಿನ ಕಂಪನದ ಸಂಖ್ಯೆ ಬರೆದುಕೊಂಡರೆ ಸಾಕು. ಸೆಕೆಂಡಿಗೆ 100 ಇದ್ದದ್ದು 120 ಆದರೆ ಬಿಗಿ 1.44ರಷ್ಟಾಗಿದೆ ಎಂದು ಹೈಸ್ಕೂಲಿನ ಲೆಕ್ಕವೇ ಹೇಳುತ್ತದೆ. ಬಾರಿಸುವವರು ಇನ್ನು ಸಾಕೆಂದು ಬೆಂಕಿಯಿಂದ ಹಿಂದೆ ಸರಿದಾಗಿನ ಸಂಖ್ಯೆಯನ್ನು ಬೇರೆಯಾಗಿ ಗುರುತಿಸಿಕೊಳ್ಳಬೇಕು. ಹೊಸದುರ್ಗದಲ್ಲೂ ಹಿರಿಯೂರಿನಲ್ಲೂ, ಮಳೆಗಾಲದಲ್ಲೂ ಬೇಸಿಗೆಯಲ್ಲೂ ಆ ಸಂಖ್ಯೆ ಒಂದೇ ಇರುತ್ತದೆಯೇ, ಒಬ್ಬರಿಂದ ಒಬ್ಬರಿಗೆ ಎಷ್ಟು ಬದಲಾಗುತ್ತದೆ? ಜಿಲ್ಲೆಯ ಯಾವುದೇ ಕಾಲೇಜಿನ ಭೌತಶಾಸ್ತ್ರದ ಹುಡುಗ ಹುಡುಗಿಯರಿಗೆ ಒಂದು ವರ್ಷದ ಪ್ರಾಜೆಕ್ಟಿಗೆ ಇಷ್ಟು ಸಾಕು. ಲೇಖಕರ ಸಾಲಿನಲ್ಲಿ ತಮಟೆಯವರ ಹೆಸರೂ ಇರಲಿ.