ಡಾಕ್ಟರರು ಇಷ್ಟೆಲ್ಲ ಕೇಳುವುದೇಕೆ?

ಕಳೆದ ಮಳೆಗಾಲದಲ್ಲಿ ನೆರೆಮನೆಯ ಹುಡುಗಿ ಮಂಗಳೂರಿನಿಂದ ರಜೆಗೆ ಬಂದಿದ್ದಳು. ಎಂ.ಬಿ.ಬಿ.ಎಸ್. ಕೊನೆಯ ವರ್ಷ. ಪ್ರಾಕ್ಟಿಕಲ್ ಪರೀಕ್ಷೆಯ ತಯಾರಿ. "ನೀವು ಸ್ವಲ್ಪ ಹೊತ್ತು ರೋಗಿಯಾಗಿ ಕುಳಿತುಕೊಳ್ಳಿ, ನಾನು ಪ್ರಶ್ನೆ ಕೇಳುತ್ತೇನೆ" ಎಂದಳು. ಅದರ ಹಿಂದಿನ ವರ್ಷ ನಮಗೇ ಬಂದಿದ್ದ ಜ್ವರದ ಕಥೆಯನ್ನು ರೋಗದ ಹೆಸರು ಬಿಟ್ಟು ಹೇಳತೊಡಗಿದೆವು.

ಈ ಪರೀಕ್ಷೆಯ ಕ್ರಮವೇ ಬೇರೆ. ವಿದ್ಯಾರ್ಥಿಗೆ ರೋಗಿಯನ್ನು ತೋರಿಸುತ್ತಾರೆ, ರೋಗದ ಹೆಸರು ಹೇಳುವುದಿಲ್ಲ. ಕೇಳಿ, ಮುಟ್ಟಿ ನೋಡಿ, ಇದು ಇಂಥ ರೋಗವಿರಬಹುದು, ಅಲ್ಲವಾದರೆ ಇಂಥದ್ದು, ಕಾರಣ ಇದು ಎಂದು ಪರೀಕ್ಷಕರ ಮುಂದೆ ಒಪ್ಪಿಸಬೇಕು. ಒಂದನ್ನೊಂದು ಹೋಲುವ ರೋಗಗಳನ್ನು ಹೀಗೆ ಬೇರ್ಪಡಿಸುವುದಕ್ಕೆ ಡಿಫರೆನ್ಶಿಯಲ್ ಡಯಾಗ್ನೋಸಿಸ್ ಎನ್ನುತ್ತಾರೆ. ರೋಗಿಯಂತೆ ನಟಿಸುವವರನ್ನು ಕೂರಿಸಿ ಕಲಿಸುವ ಪದ್ಧತಿಯನ್ನು 1963ರಲ್ಲಿ ಅಮೆರಿಕದ ಡಾಕ್ಟರ್ ಹೋವರ್ಡ್ ಬ್ಯಾರೋಸ್ ಆರಂಭಿಸಿದರಂತೆ. ನಾವು ಸಂಬಳವಿಲ್ಲದ ನಟರು!

"ಜ್ವರ, ಮೈಕೈ ನೋವು" ಎಂದೆವು. ಹಿಂದಿನ ವರ್ಷ ಆಸ್ಪತ್ರೆಯಲ್ಲಿ ಹೇಳಿದ್ದೂ ಅಷ್ಟೇ. ಹುಡುಗಿ ಬಿಡಲಿಲ್ಲ. ನೋವು ಎಲ್ಲಿ ಹೆಚ್ಚು? ಮೀನಖಂಡದಲ್ಲಿ, ನಡೆಯಲಿಕ್ಕೇ ಆಗುತ್ತಿರಲಿಲ್ಲ. ಕಣ್ಣು ಕೆಂಪಾಗಿತ್ತೇ? ಹೌದು. ಜ್ವರಕ್ಕೆ ಮೊದಲಿನ ಎರಡು ಮೂರು ವಾರ ಏನು ಕೆಲಸ ಮಾಡಿದ್ದಿರಿ? ಅಡಿಕೆ ತೋಟದ ಕಣಿಯ ಕೆಸರು ತೆಗೆದಿದ್ದೆವು. ಬರಿಗಾಲಿನಲ್ಲೇ? ಬರಿಗಾಲಿನಲ್ಲೇ, ಹಿಮ್ಮಡಿಯಲ್ಲಿ ಗಾಯವೂ ಇತ್ತು. "ಮೊದಲನೆಯದು ಇಲಿಜ್ವರ" ಎಂದು ಪುಸ್ತಕದಲ್ಲಿ ಬರೆದುಕೊಂಡಳು. ಐದು ನಿಮಿಷವೂ ಆಗಿರಲಿಲ್ಲ.

ನಮಗೆ ಆ ಹೆಸರು ಸಿಗಲು ಆರು ದಿನ ಬೇಕಾಗಿತ್ತು. ಆಗಲೇ ಕಣ್ಣು ಹಳದಿಯಾಗಿ, ಮೂತ್ರ ಕಡಿಮೆಯಾಗಿತ್ತು. ಕಣಿಯ ಮಾತನ್ನು ಡಾಕ್ಟರರು ಕೇಳಲಿಲ್ಲ, ನಾವು ಹೇಳಲೂ ಇಲ್ಲ. ಹತ್ತು ದಿನ ಹಿಂದಿನ ಕೆಲಸಕ್ಕೂ ಇಂದಿನ ಜ್ವರಕ್ಕೂ ಏನು ಸಂಬಂಧ ಎಂಬುದು ನಮ್ಮ ತಿಳುವಳಿಕೆ. ಇಲಿಯ, ದನಕರುಗಳ ಮೂತ್ರ ಸೇರಿದ ನೀರಿನಿಂದ ಗಾಯದ ಮೂಲಕ ಒಳಹೊಕ್ಕ ರೋಗಾಣು ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನಗಳಲ್ಲಿ ಜ್ವರ ತರುತ್ತದೆ, ಕೆಲವೊಮ್ಮೆ ತಿಂಗಳೂ ಆದೀತು. ಬೇಗ ಗುರುತಿಸಿದರೆ ಡಾಕ್ಸಿಸೈಕ್ಲಿನ್, ಪೆನಿಸಿಲಿನ್‌ನಂಥ ಔಷಧಿಗಳಿವೆ.

ಅವಳ ಪಟ್ಟಿ ಅಲ್ಲಿಗೆ ಮುಗಿಯಲಿಲ್ಲ. ಚಳಿ ನಡುಗಿಸಿ ಬರುವ ಮಲೇರಿಯಾ ರಕ್ತಪರೀಕ್ಷೆಯಿಂದ ತಿಳಿಯುತ್ತದೆ. ಕಣ್ಣಿನ ಹಿಂಭಾಗ ನೋಯುವ ಡೆಂಗಿಯಲ್ಲಿ ಜ್ವರ ಇಳಿಯಿತೆಂದು ನೆಮ್ಮದಿಪಡುವ ಹೊತ್ತಿನಲ್ಲೇ ಅಪಾಯ ಬರಬಹುದು. ಆ ಸಂಶಯವಿದ್ದಾಗ ಆಸ್ಪಿರಿನ್, ಐಬುಪ್ರೊಫೆನ್ ನುಂಗಿದರೆ ರಕ್ತಸ್ರಾವದ ಭಯ. ಪೊದೆಗಳಲ್ಲಿರುವ ಸಣ್ಣ ನುಸಿ ಕಚ್ಚಿ ಬರುವ ಸ್ಕ್ರಬ್ ಟೈಫಸ್‌ನಲ್ಲಿ ಸುಟ್ಟ ಗಾಯದಂಥ ಕಪ್ಪು ಹೊಪ್ಪಳೆ ಕಾಣಬಹುದು. ಅದು ನೋಯುವುದಿಲ್ಲ, ಕಂಕುಳಲ್ಲೋ ತೊಡೆಸಂದಿನಲ್ಲೋ ಅಡಗಿರುತ್ತದೆ. ನಾಚಿಕೆಯಿಂದ ಯಾರೂ ತೋರಿಸುವುದಿಲ್ಲ. ಈ ರೋಗಕ್ಕೆ ಪೆನಿಸಿಲಿನ್ ನಾಟುವುದೂ ಇಲ್ಲ. ಕಾಡಂಚಿನವರು ಸತ್ತ ಮಂಗನನ್ನು ಕಂಡಿದ್ದರೆ, ಮೈಗೆ ಉಣ್ಣಿ ಹತ್ತಿದ್ದರೆ, ಅದನ್ನೂ ಹೇಳಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ 2015ರಲ್ಲಿ ವಯನಾಡಿನಲ್ಲೂ ಜೀವಗಳನ್ನು ತೆಗೆದಿದೆ.

ಗಡಿನಾಡಿನ ನಮಗೆ ಇನ್ನೊಂದು ತೊಡಕು ಭಾಷೆಯದು. ಡಾಕ್ಟರರು ಮಲಯಾಳದಲ್ಲಿ ಕೇಳುತ್ತಾರೆ. "ಪನಿ" ಎಂದಷ್ಟು ಹೇಳಲು ಎಲ್ಲರಿಗೂ ಬರುತ್ತದೆ. ಮೀನಖಂಡಕ್ಕೆ ಏನೆನ್ನಬೇಕೆಂದು ತಿಳಿಯದೆ ಸುಮ್ಮನಾಗುತ್ತೇವೆ. ಕೈಯಿಂದ ಮುಟ್ಟಿ ತೋರಿಸಿದರೂ ಆಗುತ್ತಿತ್ತು. ಆಗ ನಮಗೆ ಅದು ಹೊಳೆಯಲಿಲ್ಲ.

ಈಗ ನಮ್ಮ ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಆರಂಭವಾದ ದಿನ, ಹಿಂದಿನ ಒಂದು ತಿಂಗಳು ಮಾಡಿದ ಕೆಲಸ, ಹೋದ ಊರು, ನುಂಗಿದ ಮಾತ್ರೆ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಒಯ್ಯುತ್ತೇವೆ. ಬರೆಯಲು ಪುರುಸೊತ್ತಿಲ್ಲದಿದ್ದರೆ ಮಾತ್ರೆಯ ಖಾಲಿ ಪಟ್ಟಿಯನ್ನಾದರೂ ಕಿಸೆಗೆ ಹಾಕಿಕೊಳ್ಳಿ. "ಬಿಳಿ ಮಾತ್ರೆ" ಎಂದರೆ ಯಾವ ಡಾಕ್ಟರರಿಗೂ ಅರ್ಥವಾಗುವುದಿಲ್ಲ.