ಕಿಡ್ನಿ ಕಲ್ಲಿಗೆ ಬೋರ್‌ವೆಲ್ ನೀರೇ ಕಾರಣವೇ? ಶುಗರ್, ಬಿಪಿ, ಹೊಟ್ಟೆಯ ಬೊಜ್ಜನ್ನೂ ಗಮನಿಸಿ

ಬೋರ್‌ವೆಲ್ ನೀರಿನ ಸುಣ್ಣವೇ ಕಿಡ್ನಿಯಲ್ಲಿ ಕಲ್ಲಾಗುತ್ತದೆ, ಹಾಲು ಬಿಟ್ಟು ಬಿಯರ್ ಕುಡಿದರೆ ಕಲ್ಲು ಹೋಗುತ್ತದೆ ಎನ್ನುವ ಸಂದೇಶಗಳು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಲೇ ಇರುತ್ತವೆ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ಗುಂಪುಗಳಲ್ಲಿ ಇವನ್ನು ಮುಂದೆ ಕಳಿಸುವ ಮುನ್ನ, ಇದರಲ್ಲಿ ನಿಜವೆಷ್ಟು ಎಂದು ನೋಡೋಣ.

ಕಲ್ಲು ಹೇಗೆ ಆಗುತ್ತದೆ?

ಮೂತ್ರ ಗಟ್ಟಿಯಾದಾಗ ಅದರಲ್ಲಿರುವ ಲವಣಗಳು ಹರಳುಗಟ್ಟುತ್ತವೆ. ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲುಗಳು. ಕಬ್ಬಿನ ಗದ್ದೆಯಲ್ಲೋ ಕಾರ್ಖಾನೆಯ ಬಿಸಿಯಲ್ಲೋ ಬೆವರು ಸುರಿಸಿ ನೀರು ಕಡಿಮೆ ಕುಡಿಯುವವರಿಗೆ ಅಪಾಯ ಹೆಚ್ಚು. ಆದರೆ ಗಡಸು ನೀರೇ ಕಲ್ಲಿಗೆ ಮೂಲ ಎಂಬುದು ಸಾಬೀತಾಗಿಲ್ಲ.

ಶುಗರ್‌ಗೂ ಕಲ್ಲಿಗೂ ಏನು ನಂಟು?

ಬೊಜ್ಜು ಮತ್ತು ಸಕ್ಕರೆ ಕಾಯಿಲೆಯಲ್ಲಿ ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಆಗ ಕಿಡ್ನಿಯಲ್ಲಿ ಅಮೋನಿಯಾ ತಯಾರಿ ಕುಗ್ಗಿ, ಮೂತ್ರದ ಆಮ್ಲೀಯತೆ ಹೆಚ್ಚುತ್ತದೆ. ಅಂಥ ಮೂತ್ರದಲ್ಲಿ ಯೂರಿಕ್ ಆಮ್ಲ ಕರಗದೆ ಕಲ್ಲಾಗುತ್ತದೆ. ಅಮೆರಿಕದಲ್ಲಿ 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ಐದು ಲಕ್ಷಣಗಳನ್ನು ಪರಿಶೀಲಿಸಿತ್ತು: ಹೊಟ್ಟೆಯ ಬೊಜ್ಜು, ಬಿಪಿ, ಸಕ್ಕರೆ, ಹೆಚ್ಚಿದ ಟ್ರೈಗ್ಲಿಸರೈಡ್, ಕುಗ್ಗಿದ ಒಳ್ಳೆಯ ಕೊಲೆಸ್ಟ್ರಾಲ್. ಇವುಗಳಲ್ಲಿ ನಾಲ್ಕು ಅಥವಾ ಹೆಚ್ಚು ಇದ್ದವರಲ್ಲಿ ಕಲ್ಲಿನ ಸಾಧ್ಯತೆ ಸುಮಾರು ಎರಡು ಪಟ್ಟು ಕಂಡುಬಂದಿತ್ತು.

ಹಾಲು ಬಿಡಬೇಕೇ?

ಬೇಡ. 2002ರ ಇಟಲಿಯ ಅಧ್ಯಯನದಲ್ಲಿ, ಮೊದಲೇ ಕಲ್ಲಾಗಿದ್ದ ಪುರುಷರನ್ನು ಐದು ವರ್ಷ ಗಮನಿಸಲಾಯಿತು. ಕ್ಯಾಲ್ಸಿಯಂ ಕಡಿಮೆ ಮಾಡಿದವರಲ್ಲಿ ಶೇ. 38 ಮಂದಿಗೆ ಕಲ್ಲು ಮರುಕಳಿಸಿತು. ಕ್ಯಾಲ್ಸಿಯಂ ಎಂದಿನಂತೆ ತಿಂದು ಉಪ್ಪು, ಮಾಂಸ ತಗ್ಗಿಸಿದವರಲ್ಲಿ ಶೇ. 20 ಮಂದಿಗಷ್ಟೇ. ಬಸಳೆ, ಪಾಲಕ್‌, ಕೆಸುವಿನ ಎಲೆಯಲ್ಲಿ ಆಕ್ಸಲೇಟ್ ಹೆಚ್ಚು. ಊಟದಲ್ಲಿ ಮೊಸರು, ಮಜ್ಜಿಗೆ ಇದ್ದರೆ ಕ್ಯಾಲ್ಸಿಯಂ ಅದನ್ನು ಕರುಳಿನಲ್ಲೇ ಹಿಡಿದಿಡುತ್ತದೆ.

ಬಿಯರ್ ಕುಡಿದರೆ?

ಮೂತ್ರ ಹೆಚ್ಚಬಹುದು, ಕಲ್ಲು ಕರಗುವುದಿಲ್ಲ. ಬಿಯರ್ ಯೂರಿಕ್ ಆಮ್ಲವನ್ನೂ ತೂಕವನ್ನೂ ಏರಿಸುತ್ತದೆ.

ಹಾಗಾದರೆ ಏನು ಮಾಡಬೇಕು?

• ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಿರಿ. ಹೃದಯ ಅಥವಾ ಕಿಡ್ನಿ ವೈಫಲ್ಯ ಇರುವವರು ವೈದ್ಯರನ್ನು ಕೇಳಿಯೇ ನೀರಿನ ಪ್ರಮಾಣ ನಿರ್ಧರಿಸಲಿ.
• ನಿಂಬೆರಸ ಒಳ್ಳೆಯದು. ಸಕ್ಕರೆ, ಉಪ್ಪು ಬೆರೆಸಬೇಡಿ.
• ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಒಳಗಿರಲಿ.
• ಒಮ್ಮೆ ಕಲ್ಲಾಗಿದ್ದರೆ ಸ್ಕ್ಯಾನಿಂಗ್‌ಗೆ ನಿಲ್ಲಿಸಬೇಡಿ. ಬಿಪಿ, ಶುಗರ್ ಕೂಡ ಪರೀಕ್ಷಿಸಿಕೊಳ್ಳಿ. 30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇದು ಉಚಿತ.

ನೋವಿನ ಜೊತೆ ಜ್ವರ, ಚಳಿ ಬಂದರೆ ಅಥವಾ ಮೂತ್ರ ನಿಂತುಹೋದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಸೋಂಕು ಜೀವಕ್ಕೇ ಎರವಾಗಬಹುದು. ಕೂಡಲೇ ಆಸ್ಪತ್ರೆಗೆ ಹೋಗಿ.

ಒಟ್ಟಿನಲ್ಲಿ, ಹಾಲು ಮತ್ತು ಬಿಯರ್ ಕುರಿತ ಸಲಹೆ ತಪ್ಪು; ನೀರಿನ ಸುಣ್ಣದ ಮಾತಿಗೆ ಆಧಾರ ಸಾಲದು. ಕಿಡ್ನಿ ಕಲ್ಲು ಎಷ್ಟೋ ಸಲ ಶುಗರ್, ಬಿಪಿಯ ಮುನ್ಸೂಚನೆ. ಫಾರ್ವರ್ಡ್ ಮಾಡುವುದಾದರೆ ಈ ಮಾತನ್ನು ಮಾಡಿ.