ಸೆಕೆಂಡ್ ಹ್ಯಾಂಡ್ ಬೈಕು: ಸವೆತವೇ ಸಾಕ್ಷಿ

ಮಾಲೀಕರಿಂದ ನೇರವಾಗಿ ಕೊಳ್ಳುವ ಹಳೆಯ ಬೈಕಿಗೆ ವಾರಂಟಿ ಇರುವುದಿಲ್ಲ. ಎದುರಿಗಿರುವುದು ಗಾಡಿ, ಅದರ ಆರ್‌ಸಿ ಮತ್ತು ಮಾರುವವರ ಮಾತು, ಇಷ್ಟೇ. ಗಾಡಿ ಎಲ್ಲಿ ಬಿದ್ದಿತ್ತು, ಆಯಿಲ್ ಎಷ್ಟು ಸಲ ಬದಲಾಗಿದೆ ಎಂಬುದು ಮಾರುವವರಿಗೆ ಗೊತ್ತು, ಕೊಳ್ಳುವವರಿಗೆ ಗೊತ್ತಿಲ್ಲ. ಈ ಅಂತರ ಇಡೀ ಮಾರುಕಟ್ಟೆಯನ್ನೇ ಕೆಡಿಸಬಲ್ಲದು ಎಂಬುದನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆಯಿಂದಲೇ ತೋರಿಸಿದರು. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ತಿಳಿಯದ ಗಿರಾಕಿ ಎಲ್ಲಕ್ಕೂ ನಡುವಿನ ಬೆಲೆ ಕೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಗಾಡಿಯವರು ಮಾರಲು ಒಪ್ಪುವುದಿಲ್ಲ. ಕೊನೆಗೆ ಮಾರುಕಟ್ಟೆಯಲ್ಲಿ ಉಳಿಯುವುದು ಹೆಚ್ಚಾಗಿ ಕೆಟ್ಟವೇ. ಅಕರ್ಲಾಫ್‌ಗೆ 2001ರ ನೊಬೆಲ್ ಪುರಸ್ಕಾರದಲ್ಲಿ ಪಾಲು ಸಿಕ್ಕಿದ್ದು ಈ ಬಗೆಯ ಅಧ್ಯಯನಕ್ಕೆ. ಬೈಕಿನ ಮಟ್ಟಿಗೆ ಈ ಅಂತರವನ್ನು ಬಹಳಷ್ಟು ತಗ್ಗಿಸಬಹುದು. ಓಡಾಟವೆಲ್ಲ ಲೋಹ, ರಬ್ಬರು, ಎಣ್ಣೆಗಳ ಮೇಲೆ ಗುರುತು ಬಿಟ್ಟಿರುತ್ತದೆ.

ಎಲ್ಲರೂ ಮೊದಲು ನೋಡುವುದು ಮೀಟರು. ಸಾಕ್ಷಿಗಳಲ್ಲೆಲ್ಲ ದುರ್ಬಲವಾದದ್ದೂ ಅದೇ. ಹಳೆಯ ಗಾಡಿಗಳಲ್ಲಿ ಕೇಬಲ್ ಕಳಚಿಟ್ಟು ಓಡಿಸಬಹುದು. ಡಿಜಿಟಲ್ ಮೀಟರಿನ ಅಂಕಿಯನ್ನು ತಿದ್ದಿಕೊಡುವವರೂ ಇದ್ದಾರೆ. ಯಾರೂ ಕೈ ಹಚ್ಚಿಲ್ಲವೆಂದೇ ಇಟ್ಟುಕೊಂಡರೂ ಕಿಲೋಮೀಟರು ದೂರದ ಅಳತೆಯೇ ಹೊರತು ಸವೆತದ ಅಳತೆಯಲ್ಲ.

1994ರಲ್ಲಿ ಬಂದ ಹೀರೊ ಹೋಂಡಾ ಸ್ಪ್ಲೆಂಡರ್‌ನ 97.2 ಸಿಸಿ ಇಂಜಿನ್ನನ್ನೇ ತೆಗೆದುಕೊಳ್ಳಬಹುದು. ಅದರ ಬೋರ್ 50 ಮಿ.ಮೀ., ಸ್ಟ್ರೋಕ್ 49.5 ಮಿ.ಮೀ. ಟಾಪ್ ಗೇರಿನಲ್ಲಿ ಒಂದು ಕಿಲೋಮೀಟರ್ ಸಾಗಲು ಕ್ರ್ಯಾಂಕ್ ಸುಮಾರು 6,000 ಸುತ್ತು ತಿರುಗಬೇಕು. 40,000 ಕಿ.ಮೀ. ಓಡಿದ ಗಾಡಿಯಲ್ಲಿ ಅದು ಕಡಿಮೆಯೆಂದರೂ 24 ಕೋಟಿ ಸುತ್ತು. ಪ್ರತಿ ಸುತ್ತಿಗೆ ಪಿಸ್ಟನ್ ಮೇಲೆ ಕೆಳಗೆ ಸೇರಿ 99 ಮಿ.ಮೀ. ಜಾರುತ್ತದೆ. ಅಂದರೆ ಅಂಗೈಯಲ್ಲಿ ಹಿಡಿಸುವಷ್ಟು ಸಿಲಿಂಡರಿನೊಳಗೆ ಪಿಸ್ಟನ್ ಸುಮಾರು 24,000 ಕಿ.ಮೀ. ಪಯಣ ಮುಗಿಸಿರುತ್ತದೆ. ಇಷ್ಟಾದರೂ ಇಂಜಿನ್ ಉಳಿಯುವುದಕ್ಕೆ ಕಾರಣ ನಡುವಿನ ಎಣ್ಣೆಯ ಪದರ. ಪಿಸ್ಟನ್ ವೇಗವಾಗಿ ಜಾರುವಾಗ ರಿಂಗುಗಳು ಎಣ್ಣೆಯ ಮೇಲೆ ತೇಲುತ್ತವೆ, ಲೋಹಕ್ಕೆ ಲೋಹ ತಾಗುವುದು ತೀರ ಕಡಿಮೆ. ಸ್ಟ್ರೋಕಿನ ತುದಿಗಳಲ್ಲಿ ಪಿಸ್ಟನ್ ಕ್ಷಣಕಾಲ ನಿಂತು ಹಿಂದಿರುಗುವಾಗ ಪದರ ತೆಳುವಾಗುತ್ತದೆ. ಸಿಲಿಂಡರಿನ ಮೇಲ್ತುದಿಯಲ್ಲೇ ಸವೆತ ಹೆಚ್ಚಿರುವುದು ಇದಕ್ಕಾಗಿ. ತಣ್ಣಗಿನ ಇಂಜಿನ್ ಶುರುವಾದ ಮೊದಲ ಕ್ಷಣಗಳಲ್ಲೂ ಎಣ್ಣೆ ಎಲ್ಲೆಡೆ ತಲುಪಿರುವುದಿಲ್ಲ.

ಆದ್ದರಿಂದ ಹೆದ್ದಾರಿಯಲ್ಲಿ ಒಂದೇ ಹದದಲ್ಲಿ ಓಡಿದ 50,000 ಕಿ.ಮೀ.ಗಿಂತ, ದಿನಕ್ಕೆ ಹತ್ತು ಸಲ ಸ್ಟಾರ್ಟ್ ಮಾಡಿ ಎರಡೆರಡು ಕಿಲೋಮೀಟರ್ ಓಡಿಸಿದ 20,000 ಕಿ.ಮೀ. ಇಂಜಿನ್ನಿಗೆ ಕೆಟ್ಟದ್ದಾಗಿರಬಹುದು. ಚಿಕ್ಕ ಓಡಾಟದಲ್ಲಿ ಎಣ್ಣೆ ಸಾಕಷ್ಟು ಬಿಸಿಯಾಗುವುದಿಲ್ಲ. ಅದರೊಳಗೆ ಸೇರಿದ ನೀರು, ಪೆಟ್ರೋಲು ಆವಿಯಾಗದೆ ಉಳಿಯುತ್ತವೆ. ಸ್ಪ್ಲೆಂಡರ್‌ನಂಥ ಬೈಕುಗಳಲ್ಲಿ ಇಂಜಿನ್, ಗೇರ್‌ಬಾಕ್ಸ್, ಕ್ಲಚ್ ಮೂರಕ್ಕೂ ಒಂದೇ ಎಣ್ಣೆ, ಅದೂ ಹೆಚ್ಚೆಂದರೆ ಒಂದು ಲೀಟರ್. ಕ್ಲಚ್ ಪ್ಲೇಟಿನ ಪುಡಿ, ಗೇರಿನ ಹಲ್ಲಿನ ಚೂರು ಎಲ್ಲವೂ ಅದರಲ್ಲೇ ಸುತ್ತುತ್ತಿರುತ್ತವೆ. ಸರ್ವಿಸ್ ಬಿಲ್ಲುಗಳನ್ನು ಜೋಡಿಸಿಟ್ಟುಕೊಂಡ ಮಾಲೀಕರ ಗಾಡಿಗೆ ನಾಲ್ಕು ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಗಾಡಿ ನೋಡಲು ಹೋದಾಗ ಇಂಜಿನ್ ತಣ್ಣಗಿರಬೇಕು. ಮೊದಲೇ ಸ್ಟಾರ್ಟ್ ಮಾಡಿ ಬಿಸಿಯಾಗಿಸಿದ್ದರೆ ಹಲವು ದೋಷಗಳು ಮರೆಯಾಗುತ್ತವೆ. ಸೈಲೆನ್ಸರಿನ ಹತ್ತಿರ ಕೈ ಒಡ್ಡಿದರೇ ಇದು ತಿಳಿಯುತ್ತದೆ. ತಣ್ಣಗಿನ ಇಂಜಿನ್ ಒಂದೆರಡು ಕಿಕ್ಕಿಗೆ ಹತ್ತಬೇಕು. ಕಿಕ್ಕರ್ ಒತ್ತುವಾಗ ಕಾಲಿಗೆ ಗಟ್ಟಿಯಾಗಿ ಎದುರೊತ್ತು ಸಿಗದೆ ಸಲೀಸಾಗಿ ಕೆಳಗಿಳಿದರೆ ಕಂಪ್ರೆಶನ್ ಸೋರುತ್ತಿದೆ ಎಂದರ್ಥ. ರಿಂಗೋ ವಾಲ್ವೋ ಸವೆದಿರುತ್ತದೆ.

ಹೊಗೆಯ ಬಣ್ಣ ಇನ್ನೂ ಹೆಚ್ಚು ಹೇಳುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟು ನೀರು ಹುಟ್ಟುತ್ತದೆ. ಚಳಿಯ ಬೆಳಗ್ಗೆ ಅದು ಬಿಳಿ ಹಬೆಯಾಗಿ ಕಂಡು, ಸೈಲೆನ್ಸರ್ ಕಾದ ಮೇಲೆ ಕಾಣೆಯಾಗುತ್ತದೆ, ಅದಕ್ಕೆ ಹೆದರಬೇಕಿಲ್ಲ. ಕಪ್ಪು ಹೊಗೆಯೆಂದರೆ ಗಾಳಿಯ ಪಾಲು ಕಡಿಮೆಯಾಗಿ ಪೆಟ್ರೋಲು ಪೂರ್ತಿ ಉರಿಯದಿರುವುದು. ಏರ್ ಫಿಲ್ಟರ್ ಬದಲಿಸಿ ಕಾರ್ಬುರೇಟರ್ ಸರಿಪಡಿಸಿದರೆ ಅದು ಸಾಮಾನ್ಯವಾಗಿ ನಿಲ್ಲುತ್ತದೆ. ಖರ್ಚಿನ ಬಣ್ಣ ನೀಲಿ. ಇಂಜಿನ್ ಆಯಿಲ್ ಉರಿಯುತ್ತಿದೆ ಎಂಬುದರ ಗುರುತು ಅದು. ಸ್ಟಾರ್ಟ್ ಮಾಡಿದ ಕೂಡಲೇ ಒಂದು ಸಲ ನೀಲಿ ಹೊಗೆ ಬಂದು ನಿಂತರೆ ರಾತ್ರಿಯೆಲ್ಲ ವಾಲ್ವ್ ಸೀಲಿನ ಮೂಲಕ ಎಣ್ಣೆ ಇಳಿದಿರುತ್ತದೆ. ಎಕ್ಸಲರೇಟರ್ ತಿರುಗಿಸಿದಾಗಲೆಲ್ಲ ಬರುತ್ತಿದ್ದರೆ ರಿಂಗು, ಬೋರು ಸವೆದಿವೆ. ಮೊದಲನೆಯದು ಸಣ್ಣ ಕೆಲಸ. ಎರಡನೆಯದಕ್ಕೆ ಇಂಜಿನ್ ಬಿಚ್ಚಿ ಬೋರ್ ಮಾಡಿಸಬೇಕು, ಆ ಮೊತ್ತವನ್ನು ಬೆಲೆಯಿಂದ ಕಳೆಯಲೇಬೇಕು.

ಚೈನು ಉದ್ದವಾಗಿದೆ ಎಂದು ಮೆಕ್ಯಾನಿಕ್ ಹೇಳಿದಾಗ ಕಬ್ಬಿಣ ಎಳೆದುಕೊಂಡಿದೆ ಎಂದು ಭಾವಿಸುವವರು ಹೆಚ್ಚು. ಅಲ್ಲಿ ಸವೆಯುವುದು ಒಂದೊಂದು ಕೊಂಡಿಯ ಪಿನ್ನು ಮತ್ತು ಬುಷ್ಷು. ಕೊಂಡಿಗೆ 0.1 ಮಿ.ಮೀ. ಸಡಿಲವಾದರೂ ನೂರು ಕೊಂಡಿಯ ಚೈನು 10 ಮಿ.ಮೀ. ಉದ್ದವಾಗುತ್ತದೆ. ಕೊಂಡಿಗಳ ಅಂತರ ಹೆಚ್ಚಿದ ಚೈನು ಸ್ಪ್ರಾಕೆಟ್ಟಿನ ಹಲ್ಲಿನ ತುದಿಗೆ ಏರಿ, ಅದನ್ನು ಕೊಕ್ಕೆಯಂತೆ ಬಾಗಿಸುತ್ತದೆ. ಹಿಂದಿನ ಚಕ್ರದ ಚೈನ್ ಅಡ್ಜಸ್ಟರ್ ಕೊನೆಯ ಗೆರೆಗೆ ಬಂದಿದ್ದರೆ ಚೈನು, ಸ್ಪ್ರಾಕೆಟ್ ಸೆಟ್ಟನ್ನು ಒಟ್ಟಿಗೇ ಬದಲಿಸಬೇಕಾದೀತು. ಮೀಟರು 12,000 ತೋರಿಸುತ್ತಿರುವಾಗ ಗೇರ್ ಲಿವರಿನ ರಬ್ಬರು, ಕಾಲಿಡುವ ರಬ್ಬರು, ಬ್ರೇಕ್ ಪೆಡಲು ನುಣ್ಣಗೆ ಸವೆದಿದ್ದರೆ ಅಂಕಿ ಸುಳ್ಳು ಹೇಳುತ್ತಿದೆ.

ಟೈರಿನ ವಯಸ್ಸು ಅದರ ಪಕ್ಕದಲ್ಲೇ ಅಚ್ಚಾಗಿರುತ್ತದೆ. ನಾಲ್ಕಂಕಿಯ ಆ ಸಂಖ್ಯೆಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ: 2319 ಎಂದಿದ್ದರೆ 2019ರ 23ನೇ ವಾರ. ಗಾಳಿಯ ಆಮ್ಲಜನಕ, ಓಝೋನ್ ರಬ್ಬರಿನ ಅಣುಸರಪಳಿಗಳನ್ನು ಕಡಿಯುತ್ತಲೇ ಇರುತ್ತವೆ. ಆದ್ದರಿಂದ ಓಡದೆ ನಿಂತ ಟೈರೂ ಬಿರುಕು ಬಿಡುತ್ತದೆ, ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಡಿಸ್ಕ್ ಬ್ರೇಕಿನ ದ್ರವ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಚಾರ್ಮಾಡಿಯಂಥ ಘಾಟಿ ಇಳಿಯುವಾಗ ಈ ವ್ಯತ್ಯಾಸ ಬ್ರೇಕ್ ಲಿವರಿನಲ್ಲೇ ಗೊತ್ತಾಗುತ್ತದೆ.

ಅಪಘಾತದ ಗುರುತು ಪೇಂಟಿನಿಂದ ಮುಚ್ಚಿಹೋಗುತ್ತದೆ, ಜ್ಯಾಮಿತಿಯಿಂದ ಮುಚ್ಚಿಹೋಗುವುದಿಲ್ಲ. ಹಿಂದೆ ನಿಂತು ನೋಡಿದರೆ ಎರಡೂ ಚಕ್ರ ಒಂದೇ ಗೆರೆಯಲ್ಲಿರಬೇಕು. ಸೆಂಟರ್ ಸ್ಟ್ಯಾಂಡ್ ಹಾಕಿ ಮುಂಚಕ್ರ ಎತ್ತಿ ಹ್ಯಾಂಡಲ್ಲನ್ನು ನಿಧಾನವಾಗಿ ತಿರುಗಿಸಿದಾಗ ನಡುವೆ ಎಲ್ಲೋ ಸಿಕ್ಕಿಕೊಂಡಂತಾದರೆ ಹ್ಯಾಂಡಲ್ ತಿರುಗಿಸುವ ಬೇರಿಂಗಾದ ಕೋನ್ ಸೆಟ್ಟಿನ ಬಟ್ಟಲಲ್ಲಿ ಗುಂಡುಗಳು ಕುಳಿ ಕೊರೆದಿವೆ. ಇದಕ್ಕೆ ಗುಂಡಿಬಿದ್ದ ರಸ್ತೆಯೇ ಕಾರಣವಾಗಿರಬಹುದು. ಹ್ಯಾಂಡಲ್ ಪೂರ್ತಿ ತಿರುಗಿದಾಗ ತಡೆಯುವ ಚಾಸಿಯ ಗುಬ್ಬಿ ಜಜ್ಜಿಹೋಗಿದ್ದರೆ ಮಾತ್ರ ಕಾರಣ ರಸ್ತೆಯಲ್ಲ, ದೊಡ್ಡ ಡಿಕ್ಕಿ.

ನೀರಿನಲ್ಲಿ ಮುಳುಗಿದ ಗಾಡಿ ಇನ್ನೊಂದು ಬಗೆಯ ಅಪಾಯ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಸುತ್ತ ನೆರೆ ಬಂದಾಗ ವಾಹನಗಳು ಮುಳುಗಿದ್ದವು. ಎಣ್ಣೆಗೆ ನೀರು ಬೆರೆತರೆ ಅದು ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಎಣ್ಣೆ ಬದಲಿಸಿದ್ದರೂ ಸೀಟಿನಡಿಯ ವೈರಿಂಗ್ ಕನೆಕ್ಟರುಗಳಲ್ಲಿ ಹಸಿರು ಕಿಲುಬು ಉಳಿದಿರುತ್ತದೆ. ಮಂಗಳೂರು, ಕಾರವಾರದ ಕಡೆಯ ಗಾಡಿಗಳಲ್ಲಿ ಉಪ್ಪುಗಾಳಿ ತುಕ್ಕನ್ನು ಚುರುಕುಗೊಳಿಸುವುದರಿಂದ ಚಾಸಿಯ ಅಡಿಭಾಗ ಮತ್ತು ಟ್ಯಾಂಕಿನ ಒಳಗೋಡೆಯನ್ನು ಟಾರ್ಚ್ ಹಾಕಿ ನೋಡಬೇಕು.

2020ರ ಏಪ್ರಿಲ್ 1ರಿಂದ ಕಡ್ಡಾಯವಾದ ಬಿಎಸ್-6 ಹೊಗೆ ನಿಯಮದ ಹೆಚ್ಚಿನ ಗಾಡಿಗಳಲ್ಲಿ ಕಾರ್ಬುರೇಟರಿನ ಜಾಗದಲ್ಲಿ ಇಂಜೆಕ್ಷನ್, ಸೆನ್ಸರುಗಳಿವೆ. ಕೀ ತಿರುಗಿಸಿದಾಗ ಇಂಜಿನ್ ಚಿತ್ರದ ದೀಪ ಹತ್ತಿ, ಸ್ಟಾರ್ಟ್ ಆದ ಮೇಲೆ ಆರಬೇಕು. ಹತ್ತಿಯೇ ಇದ್ದರೆ ದೋಷವಿದೆ. ಹತ್ತದೇ ಇದ್ದರೆ ದೋಷ ಮುಚ್ಚಿಡಲು ದೀಪವನ್ನೇ ಕಳಚಿರುವ ಸಂಶಯವಿದೆ.

ಗಾಡಿ ಒಪ್ಪಿಗೆಯಾದರೂ ಕಾಗದ ನೋಡದೆ ಹಣ ಕೊಡಬಾರದು. ಆರ್‌ಸಿಯ ಚಾಸಿ ಸಂಖ್ಯೆ, ಇಂಜಿನ್ ಸಂಖ್ಯೆಗಳನ್ನು ಗಾಡಿಯ ಮೇಲಿನ ಪಂಚಿಂಗ್ ಜೊತೆ ಅಂಕಿಅಂಕಿಯಾಗಿ ಹೋಲಿಸಬೇಕು. ಸಾಲದ ನಮೂದಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಬೇಕು. ವರ್ಗಾವಣೆಗೆ ಫಾರ್ಮ್ 29 ಮತ್ತು 30. ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಸಹಿ ಹಾಕಿದ ಖಾಲಿ ಫಾರ್ಮು ಕೈಗಿಟ್ಟು ಮುಗಿಸುವ ಪದ್ಧತಿ ನಮ್ಮಲ್ಲಿ ಬಲವಾಗಿದೆ. ಅದು ಇಬ್ಬರಿಗೂ ಅಪಾಯ. ಕಾಯ್ದೆಯ ಕಣ್ಣಿಗೆ ಮಾಲೀಕರೆಂದರೆ ದಾಖಲೆಯಲ್ಲಿ ಹೆಸರಿರುವವರೇ, ಅಪಘಾತದ ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ವಿಮೆಯನ್ನೂ 14 ದಿನದೊಳಗೆ ಹೆಸರು ಬದಲಾಯಿಸಿಕೊಳ್ಳಬೇಕು. ಮೂರನೆಯವರಿಗಾದ ಹಾನಿಯ ರಕ್ಷಣೆ ಗಾಡಿಯ ಜೊತೆಗೇ ಬರುತ್ತದೆ. ಹಳೆಯ ಮಾಲೀಕರ ಹೆಸರಿನಲ್ಲೇ ಉಳಿದ ಪಾಲಿಸಿಯಿಂದ ಸ್ವಂತ ಬೈಕಿನ ಹಾನಿಗಾಗಲಿ ಕಳವಿಗಾಗಲಿ ಹೊಸಬರಿಗೆ ಹಣ ಸಿಗುವುದಿಲ್ಲ.